ಪೊಟ್ಟಣದ ಮೇಲೆ ಬರೀ ಹೆಸರು

ಇವತ್ತು ಬೆಳಿಗ್ಗೆ ಮೂರು ಟೊಮ್ಯಾಟೊ ಹಣ್ಣುಗಳ ಸಿಪ್ಪೆ ಸುಲಿದು, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಕುಳಿತಿದ್ದೆ. ಮನೆಯವರು ಒಮ್ಮೆ ನನ್ನನ್ನು, ಒಮ್ಮೆ ಸಿಪ್ಪೆಯನ್ನು ನೋಡಿ ಏನೂ ಕೇಳದೆ ಒಳಗೆ ಹೋದರು; ಇಷ್ಟು ವರ್ಷಗಳಲ್ಲಿ ಅವರಿಗೂ ಅಭ್ಯಾಸವಾಗಿದೆ. ಎರಡು ಸಿಪ್ಪೆಗಳು ಹಳದಿಯಾಗಿದ್ದವು, ಒಂದು ಮಾತ್ರ ಬಣ್ಣವೇ ಇಲ್ಲದೆ ನೀರಿನಷ್ಟು ತಿಳಿಯಾಗಿತ್ತು. ಮೂರೂ ಒಂದೇ ಪೊಟ್ಟಣದ ಬೀಜದಿಂದ ಹುಟ್ಟಿದ ಗಿಡಗಳ ಹಣ್ಣುಗಳು. ಪೊಟ್ಟಣದ ಮೇಲೆ ಇತ್ತೀಚೆಗೆ ಬಂದಿರುವ ಒಂದು ತಳಿಯ ಹೆಸರು ದುಂಡಗಿನ ಅಕ್ಷರಗಳಲ್ಲಿತ್ತು, ಅದರ ಕೆಳಗೆ ‘ಸ್ಥಿರ ತಳಿ’, ಅಂದರೆ ಬಿತ್ತಿದ್ದೆಲ್ಲ ತಾಯಿಯಂತೆಯೇ ಬರುತ್ತದೆ ಎಂಬ ಭರವಸೆಯಿತ್ತು. ಬೇರೇನೂ ಇರಲಿಲ್ಲ. ನನ್ನ ಸಿಟ್ಟೆಲ್ಲ ಆ ಖಾಲಿ ಜಾಗದ ಮೇಲೆ.

ಆ ತಳಿಗೆ ಎರಡು ಗುರುತುಗಳಿವೆ. ಎಲೆ ಆಲೂಗಡ್ಡೆಯ ಎಲೆಯಂತೆ ಅಗಲವಾಗಿ, ಅಂಚಿನಲ್ಲಿ ಹಲ್ಲುಗಳಿಲ್ಲದೆ ಇರಬೇಕು. ಹಣ್ಣು ಗುಲಾಬಿ ಬಣ್ಣದ್ದಾಗಿರಬೇಕು. ಗುಲಾಬಿ ಟೊಮ್ಯಾಟೊ ಎಂದರೆ ತಿರುಳಿನ ಬಣ್ಣವೇ ಬೇರೆ ಎಂದು ಅನೇಕರು ಭಾವಿಸಿದ್ದಾರೆ. ಹಾಗೇನಿಲ್ಲ, ತಿರುಳು ಕೆಂಪೇ, ಅದರ ಮೇಲಿನ ಸಿಪ್ಪೆಗೆ ಬಣ್ಣವಿಲ್ಲದಿದ್ದರೆ ಹಣ್ಣು ಗುಲಾಬಿಯಾಗಿ ಕಾಣುತ್ತದೆ, ಸಿಪ್ಪೆ ಹಳದಿಯಾಗಿದ್ದರೆ ಕೆಂಪಾಗಿ ಕಾಣುತ್ತದೆ. ಈ ಎರಡೂ ಗುರುತುಗಳು ದುರ್ಬಲ ಗುಣಗಳು, ಅಂದರೆ ತಾಯಿ ಮತ್ತು ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥವು. ಇಂಥ ತಳಿಯ ಶುದ್ಧ ಬೀಜ ಬಿತ್ತಿದರೆ ಹುಟ್ಟಿದ ಸಸಿಗಳೆಲ್ಲವೂ ಆಲೂಗಡ್ಡೆ ಎಲೆಯವೇ ಆಗಿರಬೇಕು. ನನಗೆ ಹುಟ್ಟಿದ ಹನ್ನೊಂದರಲ್ಲಿ ಎಂಟಕ್ಕೆ ಹಲ್ಲುಹಲ್ಲಾದ ಸಾಮಾನ್ಯ ಎಲೆ, ಮೂರಕ್ಕೆ ಮಾತ್ರ ಆಲೂಗಡ್ಡೆ ಎಲೆ. ಬಟಾಣಿ ಗಿಡಗಳನ್ನು ಎಣಿಸಿದ ಮೆಂಡೆಲ್ ಬಗ್ಗೆ ಶಾಲೆಯಲ್ಲಿ ಓದಿದವರಿಗೆಲ್ಲ ಈ ಲೆಕ್ಕದ ವಾಸನೆ ಹತ್ತುತ್ತದೆ: ಮೂರಕ್ಕೆ ಒಂದು. ಎಲ್ಲೋ ಒಂದೆರಡು ಬೀಜ ಬೆರಕೆಯಾಗಿದ್ದರೆ ಈ ಲೆಕ್ಕ ಬರುವುದಿಲ್ಲ. ಬೀಜ ಕೊಟ್ಟ ತಾಯಿಗಿಡವೇ ಬೆರಕೆಯದು.

ಬೀಜ ಕೊಟ್ಟ ಗೆಳೆಯರಿಗೆ ಕರೆ ಮಾಡಿದೆ. ಅವರು ಸಂತೋಷದಿಂದಲೇ ಹೇಳಿದರು: “ಹೌದು, ಒಂದು ಗಿಡ ಉಳಿದವಕ್ಕಿಂತ ಎಷ್ಟು ಹುಲುಸಾಗಿ ಬಂದಿತ್ತು ಗೊತ್ತಾ! ಎಲೆ ಮಾತ್ರ ಸ್ವಲ್ಪ ಬೇರೆ ಥರ ಇತ್ತು. ಬೀಜಕ್ಕೆ ಅಂತ ಅದನ್ನೇ ಬಿಟ್ಟೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ಯುತ್ತಮ ಗಿಡದಿಂದ ಬೀಜ ತೆಗೆಯಬೇಕು ಎಂಬ ಒಳ್ಳೆಯ ಪಾಠವನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದಾರೆ. ಆದರೆ ಒಂದೇ ತಳಿಯ ಸಾಲಿನಲ್ಲಿ ಒಂದು ಗಿಡ ಮಾತ್ರ ಬೇರೆ ಎಲೆ ಹೊತ್ತು ಕೊಬ್ಬಿ ನಿಂತಿದ್ದರೆ, ಅದನ್ನು ಮೆಚ್ಚುವ ಮೊದಲು ಅನುಮಾನಿಸಬೇಕು. ಅದು ಆ ತಳಿಯ ಶ್ರೇಷ್ಠ ಗಿಡವಲ್ಲ, ಆ ತಳಿಯ ಗಿಡವೇ ಅಲ್ಲ. ಅದರ ಬೀಜವನ್ನು ಇಟ್ಟುಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಆ ಬೀಜಕ್ಕೆ ಹಳೆಯ ಹೆಸರನ್ನು ಅಂಟಿಸಬಾರದು, ಇಷ್ಟೇ ನನ್ನ ತಕರಾರು.

‘ಟೊಮ್ಯಾಟೊ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ, ಬೆರಕೆಯಾಗುವುದಿಲ್ಲ’ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಸಾಮಾನ್ಯವಾಗಿ ಆಗುವುದಿಲ್ಲ, ಆದರೆ ಆಗುತ್ತದೆ. ಹೂವನ್ನು ಬಗ್ಗಿಸಿ ನೋಡಿ. ಪರಾಗ ಹೊತ್ತ ಕೇಸರಗಳೆಲ್ಲ ಕೂಡಿಕೊಂಡು ಹಳದಿ ಶಂಕುವಿನಂತೆ ನಿಂತಿರುತ್ತವೆ, ಪರಾಗ ಹಿಡಿಯುವ ಹೆಣ್ಣು ಭಾಗವಾದ ಶಲಾಕೆ ಅದರೊಳಗೆ ಅಡಗಿರುತ್ತದೆ. ಈಗಿನ ಹೆಚ್ಚಿನ ತಳಿಗಳಲ್ಲಿ ಹೀಗೆಯೇ. ಆದರೆ ಆಲೂಗಡ್ಡೆ ಎಲೆಯ ಅನೇಕ ತಳಿಗಳಲ್ಲಿ ಶಲಾಕೆಯ ತುದಿ ಸೂಜಿಮೊನೆಯಂತೆ ಹೊರಗೆ ಇಣುಕುತ್ತದೆ. ಬಿಸಿಲಿನ ತಾಪ ಹೆಚ್ಚಾದಾಗ ಬೇರೆ ತಳಿಗಳಲ್ಲೂ ಹೀಗಾಗುವುದುಂಟು. ದುಂಬಿಯೊಂದು ಹೂವಿಗೆ ಜೋತುಬಿದ್ದು ಗುಂಯ್‌ಗುಟ್ಟಿ ಪರಾಗ ಉದುರಿಸಿಕೊಂಡು ಮುಂದಿನ ಗಿಡಕ್ಕೆ ಹೋದರೆ ಅಷ್ಟು ಸಾಕು. ಹೂವು ಅರಳುವ ಮೊದಲೇ ಗೊಂಚಲಿಗೆ ತೆಳ್ಳನೆಯ ಬಲೆಬಟ್ಟೆಯ ಚೀಲ ಕಟ್ಟಿ, ದಿನಕ್ಕೊಮ್ಮೆ ಬೆರಳಿನಿಂದ ತಟ್ಟಿ, ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ದಾರ ಕಟ್ಟಿದರೆ ಆ ಹಣ್ಣಿನ ಬೀಜವನ್ನು ನಂಬಬಹುದು. ಐದು ನಿಮಿಷದ ಕೆಲಸ.

ಇದಕ್ಕಿಂತ ದೊಡ್ಡ ಗೊಂದಲವಿರುವುದು ಸ್ಥಿರವಾಗುವ ಮೊದಲೇ ಕೈಯಿಂದ ಕೈಗೆ ಹೋಗುವ ಹೊಸ ತಳಿಗಳಲ್ಲಿ. ಎರಡು ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯ, ಅಂದರೆ ಎಫ್-1 ಗಿಡಗಳು ಎಲ್ಲವೂ ಒಂದೇ ರೀತಿ ಇರುತ್ತವೆ. ಅವುಗಳ ಬೀಜದಿಂದ ಬರುವ ಎಫ್-2ರಲ್ಲಿ ಗುಣಗಳು ಚೆಲ್ಲಾಪಿಲ್ಲಿಯಾಗುತ್ತವೆ. ತಾಯಿಯಿಂದ ಒಂದು ಥರ, ತಂದೆಯಿಂದ ಇನ್ನೊಂದು ಥರ ಬಂದು ಇಬ್ಬಗೆಯಾಗಿದ್ದ ಗುಣಗಳಲ್ಲಿ ಎಫ್-2ರ ಹೊತ್ತಿಗೆ ಸರಾಸರಿ ಅರ್ಧದಷ್ಟು ಹಾಗೆಯೇ ಉಳಿದಿರುತ್ತವೆ, ಎಫ್-3ರಲ್ಲಿ ಕಾಲು ಭಾಗ, ಎಫ್-4ರಲ್ಲಿ ಶೇ. 12.5, ಹೀಗೆ ಪ್ರತಿ ಪೀಳಿಗೆಗೂ ಅರ್ಧವಾಗುತ್ತಾ ಎಫ್-8ರ ಹೊತ್ತಿಗೆ ಶೇ. 1ಕ್ಕಿಂತ ಕೆಳಗಿಳಿಯುತ್ತವೆ. ಎಫ್-3 ಬೀಜ ಕೈಗೆ ಬಂದವರು ಒಂದೇ ಗಿಡ ಬೆಳೆಸಿ, ಅದರ ಬೀಜವನ್ನು ಅದೇ ಹೆಸರಿನಲ್ಲಿ ಹಂಚಿದರೆ, ಎರಡು ಮೂರು ಕೈ ದಾಟುವಷ್ಟರಲ್ಲಿ ಒಂದು ಹೆಸರಿಗೆ ನಾಲ್ಕು ಹಣ್ಣುಗಳಾಗುತ್ತವೆ. ಬಣ್ಣ ಬೇರೆಯಾದರೆ ಹೋಗಲಿ ಎನ್ನಬಹುದು. ಎಲೆ ಮುದುಡುವ ರೋಗಕ್ಕೆ ನಿರೋಧಕ ಗುಣವನ್ನು ಹೈಬ್ರಿಡ್ ಗಿಡ ತಾಯಿ ಅಥವಾ ತಂದೆ ಒಂದೇ ಕಡೆಯಿಂದ ಪಡೆದಿದ್ದರೆ, ಅದರ ಮಕ್ಕಳಲ್ಲಿ ಸುಮಾರು ಕಾಲು ಭಾಗಕ್ಕೆ ಆ ಗುಣವೇ ಇರುವುದಿಲ್ಲ, ಮತ್ತು ರೋಗ ಬರುವ ತನಕ ಆ ಗಿಡಗಳನ್ನು ಕಣ್ಣಿನಿಂದ ಗುರುತಿಸಲಾಗದು. ಹೆಸರನ್ನು ನಂಬಿ ನೆಟ್ಟವರು ಯಾರನ್ನು ಕೇಳಬೇಕು?

ಇನ್ನೊಂದು ತುದಿಯಲ್ಲಿ ನಿಂತು ‘ಹೈಬ್ರಿಡ್ ಬೀಜ ಮೊಳೆಯುವುದೇ ಇಲ್ಲ, ತೆಗೆದಿಡಬೇಡಿ’ ಎಂದು ಉಪದೇಶಿಸುವವರಿದ್ದಾರೆ. ಅವರಿಗೆ ಒಂದು ಸಾಲು ಸಾಕು: ಚೆನ್ನಾಗಿಯೇ ಮೊಳೆಯುತ್ತದೆ, ತಾಯಿಯಂತಿರುವುದಿಲ್ಲ ಅಷ್ಟೇ.

ತಮಾಷೆಯೆಂದರೆ, ಬೀಜ ತೆಗೆಯುವ ವಿಷಯದಲ್ಲಿ ನಮ್ಮವರ ಶ್ರದ್ಧೆಗೆ ಕೊರತೆಯಿಲ್ಲ. ಲೋಳೆಯ ಸಮೇತ ಬೀಜವನ್ನು ಲೋಟದಲ್ಲಿ ಎಷ್ಟು ದಿನ ಹುಳಿಯಲು ಬಿಡಬೇಕು, ಮೇಲೆ ಬಿಳಿ ಪೊರೆ ಕಟ್ಟಿದರೆ ಗಾಬರಿಪಡಬೇಕೇ, ತೊಳೆಯುವಾಗ ತೇಲುವ ಬೀಜವನ್ನು ಎಸೆಯಬೇಕೇ ಎಂದು ನನ್ನನ್ನು ಕೇಳಿದವರ ಲೆಕ್ಕವಿಲ್ಲ. ಎರಡು ಮೂರು ದಿನ, ಗಾಬರಿ ಬೇಡ, ಎಸೆಯಿರಿ. ಒಣಗಿಸುವಾಗ ಕಾಗದದ ಬದಲು ತಟ್ಟೆಯ ಮೇಲೆ ಹರಡಿ, ಇಲ್ಲವಾದರೆ ಕಾಗದ ಸಮೇತ ಬಿತ್ತಬೇಕಾಗುತ್ತದೆ. ಇಷ್ಟೆಲ್ಲ ಜೋಪಾನ ಮಾಡಿ, ವಾರಗಟ್ಟಲೆ ನೆರಳಿನಲ್ಲಿ ಒಣಗಿಸಿ, ಕೊನೆಗೆ ಪೊಟ್ಟಣದ ಮೇಲೆ ಬರೆಯುವಾಗ ಮಾತ್ರ ಎಲ್ಲರಿಗೂ ಆತುರ. ಯಾವ ಪೀಳಿಗೆ, ಯಾವ ವರ್ಷ, ಎಷ್ಟು ಗಿಡಗಳಿಂದ ತೆಗೆದದ್ದು, ಹೂವಿಗೆ ಚೀಲ ಕಟ್ಟಿತ್ತೇ ಇಲ್ಲವೇ: ನಾಲ್ಕು ಸಂಗತಿಗಳನ್ನು ಬರೆಯಲು ಪೆನ್ನಿನ ಶಾಯಿ ಮುಗಿದುಹೋಗುತ್ತದೆ, ಪಾಪ.

‘ವೈವಿಧ್ಯವೇ ಚೆಂದವಲ್ಲವೇ? ಹಿಂದಿನವರು ಪೀಳಿಗೆ ಬರೆದು ಬೀಜ ಕೊಟ್ಟರೇ?’ ಎಂಬ ಆಕ್ಷೇಪ ಬರುತ್ತದೆ ಎಂದು ಗೊತ್ತು. ವೈವಿಧ್ಯ ನನಗೂ ಇಷ್ಟವೇ, ಅದಕ್ಕೆ ಬೇಕಾಗಿ ಬಿತ್ತಿದಾಗ. ಇನ್ನು ಹಿಂದಿನವರು ಅದೇ ನೆಲದಲ್ಲಿ ಅದೇ ಬೆಳೆಯನ್ನು ವರ್ಷ ವರ್ಷವೂ ಬೆಳೆದು, ಬೇರೆ ಥರದ ಗಿಡ ಕಂಡರೆ ಕಿತ್ತೆಸೆಯುತ್ತಿದ್ದರು. ಅವರ ನೆನಪೇ ಅವರ ಚೀಟಿಯಾಗಿತ್ತು. ಕಳೆದ ತಿಂಗಳು ಬಂದ ಪೊಟ್ಟಣ ಎಲ್ಲಿಟ್ಟೆ ಎಂದು ಹುಡುಕುವ ನಾವು ಅವರ ಹೆಸರು ಹೇಳಿ ತಪ್ಪಿಸಿಕೊಳ್ಳುವುದು ಬೇಡ. ಟಾಮ್ ವ್ಯಾಗ್ನರ್ ಎಂಬ ತಳಿಗಾರರು 1983ರಲ್ಲಿ ಹೊರತಂದ ‘ಗ್ರೀನ್ ಜೀಬ್ರಾ’ ಟೊಮ್ಯಾಟೊವನ್ನು ಇವತ್ತಿಗೂ ಎಷ್ಟೋ ಜನ ಶತಮಾನದ ಹಿಂದಿನ ಪಾರಂಪರಿಕ ತಳಿಯೆಂದು ಹಂಚುತ್ತಾರೆ. ತಳಿ ರೂಪಿಸಿದವರು ತಮ್ಮ ಕಣ್ಣೆದುರಿಗೇ ಅಜ್ಞಾತರಾಗುವುದೆಂದರೆ ಹೀಗೆ.

ಮಾಡಿ ತೋರಿಸಿದವರೂ ಇದ್ದಾರೆ. ಕ್ರೇಗ್ ಲೆಹೂಲಿಯರ್ ಅಮೆರಿಕದಿಂದ, ಪಟ್ರಿನಾ ನಸ್ಕೆ ಸ್ಮಾಲ್ ಆಸ್ಟ್ರೇಲಿಯಾದಿಂದ ಸೇರಿ, ಕುಳ್ಳ ಗಿಡದ ಹೊಸ ತಳಿಗಳನ್ನು ರೂಪಿಸಲೆಂದು ಆರಂಭಿಸಿದ ಕುಳ್ಳ ಟೊಮ್ಯಾಟೊ ಯೋಜನೆಯಲ್ಲಿ ಹವ್ಯಾಸಿಗಳೇ ಕೆಲಸ ಮಾಡಿದರು. ಒಂದು ಕಡೆ ಚಳಿಯಿದ್ದಾಗ ಇನ್ನೊಂದು ಕಡೆ ಬೇಸಿಗೆ ಇರುವುದರಿಂದ ವರ್ಷಕ್ಕೆ ಎರಡು ಪೀಳಿಗೆ ಬೆಳೆಸಲು ಸಾಧ್ಯವಾಯಿತು. ಬೀಜ ಎಷ್ಟು ಕೈ ದಾಟಿದರೂ ಅದು ಯಾವ ಸಂಕರದ್ದು, ಎಷ್ಟನೆಯ ಪೀಳಿಗೆಯದು ಎಂಬ ವಿವರ ಜೊತೆಗೇ ಹೋಗುತ್ತಿತ್ತು. ಸಂಬಳವಿಲ್ಲದ ಹವ್ಯಾಸಿಗಳು ಖಂಡದಿಂದ ಖಂಡಕ್ಕೆ ಇಷ್ಟನ್ನು ಮಾಡಬಲ್ಲರಾದರೆ, ಪಕ್ಕದ ಮನೆಗೆ ಕೊಡುವಾಗ ನಮಗೇನು ಕಷ್ಟ?

ಇಷ್ಟು ಹೊತ್ತು ಗಂಟಲು ಹರಿದುಕೊಂಡ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು, ಏಕೆಂದರೆ ಇದನ್ನು ಓದುತ್ತಿರುವ ಕೆಲವರಿಗಾದರೂ ಅದು ನೆನಪಿದೆ. ಕೆಲವು ವರ್ಷಗಳ ಹಿಂದೆ ನಾನೇ ಸಂಕರ ಮಾಡಿದ ಒಂದು ಟೊಮ್ಯಾಟೊಗೆ ಚೆಂದದ ಹೆಸರಿಟ್ಟು, ಎಫ್-3ರಲ್ಲಿಯೇ ಬೀಜ ಹಂಚಿದ್ದೆ. ಪೀಳಿಗೆ ಬರೆದಿರಲಿಲ್ಲ. ಮರೆತದ್ದಲ್ಲ, ಬರೆದರೆ ಯಾರೂ ತೆಗೆದುಕೊಳ್ಳಲಾರರು ಎಂಬ ಅಳುಕಿತ್ತು. ಮುಂದಿನ ಹಂಗಾಮಿಗೆ ಒಬ್ಬರು ಉದ್ದನೆಯ ಹಣ್ಣಿನ ಚಿತ್ರ ಕಳಿಸಿದರು, ಇನ್ನೊಬ್ಬರು ಗುಂಡಗಿನದನ್ನು, ಮತ್ತೊಬ್ಬರು ಹಳದಿ ಬಣ್ಣದ್ದನ್ನು. ನಾನು ಮಣ್ಣಿನ ಮೇಲೆ, ಗೊಬ್ಬರದ ಮೇಲೆ, ಹವೆಯ ಮೇಲೆ ತಪ್ಪು ಹೊರಿಸಿ ಉತ್ತರ ಬರೆದೆ. ಹಳದಿ ಹಣ್ಣಿಗೂ ಗೊಬ್ಬರಕ್ಕೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ. ಅದು ಅವರ ದೊಡ್ಡತನ. ಆ ಹೆಸರಿನ ಬೀಜ ನಿಮ್ಮಲ್ಲಿ ಇನ್ನೂ ಇದ್ದರೆ ದಯವಿಟ್ಟು ಹೆಸರನ್ನು ಹೊಡೆದುಹಾಕಿ, ನಿಮ್ಮ ಗಿಡದಲ್ಲಿ ಏನು ಕಂಡಿರೋ ಅದನ್ನು ಬರೆದಿಡಿ.

ಬಣ್ಣವಿಲ್ಲದ ಸಿಪ್ಪೆಯ ಆ ಒಂದು ಹಣ್ಣು ಆಲೂಗಡ್ಡೆ ಎಲೆಯ ಗಿಡದ್ದೇ. ಎರಡೂ ಗುರುತುಗಳು ಕೂಡಿಬರುವ ಸಾಧ್ಯತೆ ಹದಿನಾರರಲ್ಲಿ ಒಂದು, ಹನ್ನೊಂದು ಸಸಿಗಳಲ್ಲಿ ಅದು ಸಿಕ್ಕಿದ್ದು ನನ್ನ ಅದೃಷ್ಟ. ನೋಡಲು ಮೂಲ ತಳಿಯಂತೆಯೇ ಇದೆ, ರುಚಿಯೂ ಚೆನ್ನಾಗಿದೆ. ಗೆಳೆಯರಿಗೆ ಚಿತ್ರ ಕಳಿಸಿದೆ. “ನೋಡಿ, ಕೊನೆಗೂ ಸರಿಯಾಗಿಯೇ ಬಂತಲ್ಲ! ನನಗೂ ನಾಲ್ಕು ಬೀಜ ಇಡಿ” ಎಂದು ತಕ್ಷಣ ಉತ್ತರ ಬಂತು. ಬೀಜ ಈಗ ಲೋಟದಲ್ಲಿ ಹುಳಿಯುತ್ತಿದೆ, ಚೀಟಿಯನ್ನು ಮೊದಲೇ ಬರೆದು ಲೋಟಕ್ಕೆ ಅಂಟಿಸಿದ್ದೇನೆ: “ಹೆಸರಿಲ್ಲ. ಎಫ್-2 ಗಿಡದ ಬೀಜ, ಬಿತ್ತಿದರೆ ಎಫ್-3. ತಂದೆ ಯಾರೋ ಗೊತ್ತಿಲ್ಲ. ಆಲೂಗಡ್ಡೆ ಎಲೆ, ಗುಲಾಬಿ ಹಣ್ಣು. ಒಂದೇ ಗಿಡ, ಚೀಲ ಕಟ್ಟಿರಲಿಲ್ಲ.”