ಎಷ್ಟು ಎಕ್ಸ್?

ಇವತ್ತು ಬೆಳಿಗ್ಗೆ ಮೂರು. ನಿನ್ನೆ ಎರಡು. ಮೊನ್ನೆ ಎಷ್ಟು ಅಂತ ಎಣಿಸಲಿಲ್ಲ, ಸಿಟ್ಟಿನಲ್ಲಿ ಒಂದನ್ನು ಒದ್ದು ಹೆಬ್ಬೆರಳು ನೋಯಿಸಿಕೊಂಡದ್ದು ಮಾತ್ರ ನೆನಪಿದೆ.

ಬೊಂಡದ ಲೆಕ್ಕ ಇದು. ಹಿರಿಯಡ್ಕದ ನಮ್ಮ ಮನೆಯ ಬಾವಿಕಟ್ಟೆ ಹತ್ತಿರದ ತೆಂಗಿನಮರದಿಂದ ರಾತ್ರಿ ದಡಕ್ ಅಂತ ಬೀಳುತ್ತವೆ. ಬೆಳಿಗ್ಗೆ ಹೋಗಿ ನೋಡಿದರೆ ತೊಟ್ಟಿನ ಬುಡದಲ್ಲಿ ಗುಂಡಗೆ ಒಂದು ತೂತು. ಬಡಗಿ ಡ್ರಿಲ್ ಹಾಕಿದರೂ ಅಷ್ಟು ಚೆಂದ ಬಾರದು. ಒಳಗೆ ನೀರಿಲ್ಲ, ತಿರುಳಿಲ್ಲ. ಪೇಟೆಯಲ್ಲಿ 60 ರೂಪಾಯಿ ಕೊಟ್ಟು, ಸ್ಟ್ರಾ ಹಾಕಿಸಿಕೊಂಡು ಬೊಂಡ ಕುಡಿಯುವವ ನಾನು. ನನ್ನ ಮರದ್ದನ್ನು ಪುಕ್ಕಟೆ ಕುಡಿಯುವವ ಇಲಿ.

ವಿಷ ಇಡಿ ಅಂತ ನೀವು ಹೇಳುತ್ತೀರಿ. ಗೊತ್ತುಂಟು ಮಾರಾಯ್ರೇ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಶಿಫಾರಸೇ ಉಂಟು: ಐದು ಮರಕ್ಕೆ ಒಂದರ ಮಂಡೆಯಲ್ಲಿ ಬ್ರೋಮಾಡಿಯೋಲೋನ್ ಬಿಲ್ಲೆ, 12 ದಿನ ಬಿಟ್ಟು ಇನ್ನೊಮ್ಮೆ. ಆದರೆ ನಮ್ಮಲ್ಲಿ ಮರ ಹತ್ತುವವ ಎರಡು ತಿಂಗಳಿಗೊಮ್ಮೆ ಬಂದರೆ ಅದೇ ಪುಣ್ಯ. 12 ದಿನಕ್ಕೆ ಪುನಃ ಬಾ ಅಂದರೆ ಅವನು ನನ್ನ ನಂಬರನ್ನೇ ಬ್ಲಾಕ್ ಮಾಡಿಯಾನು. ಬೋನು ಇಟ್ಟೆವು. ಮೊದಲ ರಾತ್ರಿ ಇಲಿಮರಿ, ಎರಡನೆಯ ರಾತ್ರಿ ಕಪ್ಪೆ, ಮೂರನೆಯ ರಾತ್ರಿ ನಮ್ಮದೇ ಬೆಕ್ಕು. ಬೆಕ್ಕು ಆಮೇಲೆ ನಾಲ್ಕು ದಿನ ನನ್ನ ಮುಖ ನೋಡಲಿಲ್ಲ.

ಅಜ್ಜನ ಕಾಲದ ಲೈಸೆನ್ಸ್ ಕೋವಿ ಒಂದಿತ್ತು. ಚುನಾವಣೆ ಬಂತೆಂದರೆ ಅದನ್ನು ಠೇವಣಿ ಇಟ್ಟು ಬರಬೇಕು. ಪಂಚಾಯತ್, ವಿಧಾನಸಭೆ, ಲೋಕಸಭೆ ಅಂತ ಕೋವಿ ಮನೆಯಲ್ಲಿದ್ದದ್ದಕ್ಕಿಂತ ಹೊರಗಿದ್ದದ್ದೇ ಹೆಚ್ಚು. ಕೊನೆಗೆ ಅಪ್ಪ ಅದನ್ನು ಒಪ್ಪಿಸಿಯೇ ಬಂದರು. ಹಾಗಾಗಿ ನನ್ನ ಪಾಲಿಗೆ ಏರ್‌ಗನ್. ನಳಿಗೆಯ ತೂತು 0.177 ಇಂಚು ಮೀರದ, ಶಕ್ತಿ 20 ಜೂಲು ದಾಟದ ಏರ್‌ಗನ್ನಿಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಇಲಿಗೆ ಮಾತ್ರ ಅಂತ ಮೊದಲೇ ಮನೆಯಲ್ಲಿ ಘೋಷಿಸಿದ್ದೇನೆ. ನವಿಲು ಬಂದು ಅಂಗಳದ ಅಲಸಂಡೆ ಪೂರ್ತಿ ಮುಗಿಸಿದರೂ ನಾನು ಚಪ್ಪಾಳೆ ತಟ್ಟಿ ಓಡಿಸುವವನೇ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನ ಹಕ್ಕಿಯ ಸುದ್ದಿಗೆ ಯಾರು ಹೋಗುತ್ತಾರೆ?

ಇಲಿ ಬರುವುದು ರಾತ್ರಿ. ಟಾರ್ಚ್ ಹಾಕಿದರೆ ನನಗೆ ಅದು ಕಾಣುವ ಮೊದಲೇ ಅದಕ್ಕೆ ನಾನು ಕಂಡಿರುತ್ತೇನೆ. ಗುರಿ ನೋಡಲಿಕ್ಕೆ ಗನ್ನಿನ ಮೇಲೆ ಡಿಜಿಟಲ್ ಸ್ಕೋಪ್ ಹಾಕು ಅಂದರು ಯಾರೋ. ಒಳಗೆ ಕ್ಯಾಮರಾ, ಕಣ್ಣಿನ ಬದಿಗೆ ಸಣ್ಣ ಪರದೆ, ಮೇಲೊಂದು ಇನ್‌ಫ್ರಾರೆಡ್ ಲೈಟು. ಮರದ ಮೇಲಿನದಕ್ಕೆ ಗುರಿ ಇಡಬಾರದೆಂದು ಅಮ್ಮನ ಕಟ್ಟಪ್ಪಣೆ: "ಮೇಲೆ ಹೋದದ್ದು ಆಚೆಮನೆಯ ಮಾಡಿನ ಮೇಲೇ ಬೀಳುದು." ಸರಿಯಾದ ಮಾತು. ಆದರೆ ಇಲಿ ಮರಕ್ಕೆ ಹೋಗುವುದು ಸೌದೆ ಕೊಟ್ಟಿಗೆಯ ಅಡ್ಡೆಯ ಮೇಲಿಂದ. ಜಗಲಿಯ ಮೂಲೆಯಿಂದ ಅಲ್ಲಿಗೆ 10 ಮೀಟರು. ನನ್ನ ಪ್ರಶ್ನೆ ಇಷ್ಟೆ: 10 ಮೀಟರಿಗೆ ಎಷ್ಟು ಜೂಮ್ ಬೇಕು? ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣಬೇಕು, ಎಷ್ಟು ಎಕ್ಸ್?

ಇದನ್ನು ಭಾವನ ಹತ್ತಿರ ಕೇಳಬಾರದಿತ್ತು.

ಭಾವ ಮಣಿಪಾಲದಲ್ಲಿರುವುದು. ಸಜ್ಜನರು. ಆದರೆ ಯಾವ ವಸ್ತುವನ್ನೂ ಅವರು ವಸ್ತುವಾಗಿ ನೋಡಿದವರಲ್ಲ. ಅದರ ಮೇಲಿನ ನಂಬರನ್ನೇ ನೋಡುವುದು. 12 ಅಡಿಯ ಹಾಲಿನಲ್ಲಿ 75 ಇಂಚಿನ ಟಿವಿ. ವಾರ್ತೆ ಓದುವವಳ ಮುಖ ಪೂರ್ತಿ ಕಾಣಬೇಕಾದರೆ ನಾವು ಅಡುಗೆಮನೆಗೆ ಹೋಗಿ ನಿಲ್ಲಬೇಕು. ಅವರ ಮಿಕ್ಸಿಗೆ ಎಷ್ಟು ವ್ಯಾಟ್ ಅಂದರೆ ಚಟ್ನಿಗೆ ಹಾಕಿದ್ದು ತಂಬುಳಿಯಾಗಿ ಹೊರಬರುತ್ತದೆ. ಕೊಡೆ ಕೊಳ್ಳುವಾಗಲೂ ಕಡ್ಡಿ ಎಣಿಸುತ್ತಾರೆ. ಕೇಳಿದರೆ ಒಂದೇ ಮಾತು: "ಜಾಸ್ತಿ ಇದ್ದದ್ದನ್ನು ಕಡಿಮೆ ಮಾಡ್ಬಹುದು ಮಾರಾಯ, ಕಡಿಮೆ ಇದ್ದದ್ದನ್ನು ಜಾಸ್ತಿ ಮಾಡ್ಲಿಕ್ಕೆ ಆಗ್ತದಾ?" ಉಪ್ಪಿನ ವಿಷಯದಲ್ಲಿ ಇದು ಸುಳ್ಳು ಅಂತ ಅಕ್ಕ ಎಷ್ಟೋ ಸಲ ತೋರಿಸಿಕೊಟ್ಟಿದ್ದಾಳೆ. ಪ್ರಯೋಜನ ಇಲ್ಲ.

"ಮೂರು ಎಕ್ಸ್ ಸಾಕಲ್ವಾ ಭಾವ?" ಅಂದೆ.

"ಮೂರಾ?" ಮದುವೆಯೂಟದಲ್ಲಿ ಅರ್ಧ ಹೋಳಿಗೆ ಬಡಿಸಿಸಿಕೊಂಡವರ ಹಾಗೆ ಮುಖ ಮಾಡಿದರು.

ಇಲಿ ಎಷ್ಟು ದೂರದಲ್ಲಿದೆ ಅಂತ ಅವರು ಕೇಳಲೇ ಇಲ್ಲ. ಅವರು ಮಾತ್ರ ಅಲ್ಲ, ನಂತರ ನಾನು ವಿಚಾರಿಸಿದ ಯಾರೂ ಕೇಳಲಿಲ್ಲ. ಎಲ್ಲರದ್ದೂ ಎಕ್ಸೇ. ಕೊನೆಗೆ ಬಂದ ಪೆಟ್ಟಿಗೆಯ ಮೇಲೆ 6.5ರಿಂದ 26 ಎಕ್ಸ್ ಅಂತ ಇತ್ತು. ಭಾವನಿಗೆ 26 ಕಂಡಿತು. ನಾಚಿಕೆ ಬಿಟ್ಟು ಹೇಳುವುದಾದರೆ ನನಗೂ 26ಏ ಕಂಡದ್ದು. 6.5 ಇಬ್ಬರಿಗೂ ಕಾಣಲಿಲ್ಲ.

ಡಿಜಿಟಲ್ ಸ್ಕೋಪಿನಲ್ಲಿ ಲೆನ್ಸು ಕೊಡುವ ನಿಜವಾದ ಮ್ಯಾಗ್ನಿಫಿಕೇಶನ್ ಆ ಮೊದಲಿನ ಅಂಕಿ ಮಾತ್ರ. ಅದರ ಮೇಲಿನದ್ದೆಲ್ಲ ಚಿತ್ರದ ನಡುಭಾಗ ಕತ್ತರಿಸಿ ಹಿಗ್ಗಿಸುವುದು, ಮೊಬೈಲಿನಲ್ಲಿ ಎರಡು ಬೆರಳಿಟ್ಟು ಫೋಟೊ ಎಳೆದ ಹಾಗೆ. 26ಕ್ಕೆ ಹಾಕಿದರೆ ಇಲಿಯೂ ಚೌಕ ಚೌಕ, ಸೌದೆಯೂ ಚೌಕ ಚೌಕ. ಮೇಲೆ ಎಷ್ಟಾದರೂ ಹತ್ತಬಹುದು, ಆರೂವರೆಯಿಂದ ಕೆಳಗೆ ಇಳಿಯಲಿಕ್ಕೆ ಮೆಟ್ಟಿಲೇ ಇಲ್ಲ. ಅಂದರೆ ಭಾವನ ಸಿದ್ಧಾಂತ ಪೂರ್ತಿ ಉಲ್ಟಾ. ಫೋನು ಮಾಡಿ ಹೇಳಿದೆ.

"ಹಾಗಾದ್ರೆ ನೀನು ಸ್ವಲ್ಪ ಹಿಂದೆ ನಿಲ್ಲು" ಅಂದರು.

ಹಿಂದೆ ಗೋಡೆ. ಗೋಡೆಯ ಹಿಂದೆ ದೇವರ ಕೋಣೆ.

100 ಮೀಟರಿನಲ್ಲಿ 8.5 ಮೀಟರ್ ಅಗಲ ಕಾಣುತ್ತದೆ ಅಂತ ಪುಸ್ತಕದಲ್ಲಿ ಬರೆದಿತ್ತು. ನಮ್ಮ 10 ಮೀಟರಿಗೆ ಅದು ಎರಡು ಮೊಳಕ್ಕೂ ಕಡಿಮೆ. 13ಕ್ಕೆ ಏರಿಸಿದರೆ ಒಂದು ಮೊಳ. ಇಲಿ ಒಂದು ಮೊಳದೊಳಗೆ ಕೂತು ಕಾಯುವ ಜಾತಿಯಾ? ನಾನು ಪರದೆಯಲ್ಲಿ ಹುಡುಕುತ್ತಿರುವಾಗ ಅದು ಆ ತುದಿಯಿಂದ ಈ ತುದಿಗೆ ಹೋಗಿ ವಾಪಸು ಬಂದಿರುತ್ತದೆ. ಕೈ ನಡುಗಿದ್ದೂ 13 ಪಟ್ಟು. ಎದೆಬಡಿತಕ್ಕೆ ಸರಿಯಾಗಿ ಪರದೆಯ ನಡುವಿನ ಗುರಿಗೆರೆ, ಅದೇ ಕ್ರಾಸ್‌ಹೇರ್, ಕುಣಿಯುತ್ತದೆ. ಇಸಿಜಿಗೆ ಬೇರೆ ಹೋಗುವುದು ಬೇಡ. ಮಾಡಿನ ಅಂಚಿನಲ್ಲಿ ಜೇಡರ ಬಲೆ ಇದ್ದರಂತೂ ಲೈಟು ಅದಕ್ಕೇ ಹೊಡೆದು ಪರದೆ ಇಡೀ ಸುಣ್ಣ ಬಳಿದ ಗೋಡೆ.

ಇದನ್ನೆಲ್ಲ ಸಹಿಸಬಹುದಿತ್ತು, ಆಚೆಮನೆಯ ದೊಡ್ಡಮ್ಮನ ಕಣ್ಣಿಗೆ ಬೀಳದಿದ್ದರೆ.

ಇನ್‌ಫ್ರಾರೆಡ್ ಲೈಟಿನಲ್ಲಿ ಎರಡು ಬಗೆ. 940 ನ್ಯಾನೊಮೀಟರಿನದ್ದು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಅದರ ಬೆಳಕಿನಲ್ಲಿ ಸ್ಕೋಪಿಗೆ ದೂರದ್ದು ತಿಳಿಯುವುದಿಲ್ಲ. 850ರದ್ದರಲ್ಲಿ ದೂರದ್ದೂ ಕಾಣುತ್ತದೆ, ಆದರೆ ಎದುರಿನಿಂದ ನೋಡಿದವರಿಗೆ ಮಂಕಾದ ಕೆಂಪು ಚುಕ್ಕೆಯೊಂದು ಕಾಣುತ್ತದೆ. ಜೀವಮಾನದಲ್ಲಿ ಮೊದಲ ಸಲ ಭಾವ ಸಣ್ಣ ನಂಬರು ಆರಿಸಿದ್ದರು. ಅದೂ ಕೈಕೊಟ್ಟಿತು.

ಆ ರಾತ್ರಿ ದೊಡ್ಡಮ್ಮ ಯಕ್ಷಗಾನದ ಆಟ ನೋಡಿಕೊಂಡು ಹನ್ನೆರಡು ಗಂಟೆಗೆ ರಿಕ್ಷಾದಲ್ಲಿ ಬಂದರು. ಗೇಟಿನಿಂದ ನೋಡಿದರೆ ನಮ್ಮ ಜಗಲಿ ಕತ್ತಲು. ಕತ್ತಲಲ್ಲಿ ನಾನು. ನನ್ನ ಮುಖದ ಎತ್ತರಕ್ಕೆ ಒಂದು ಕೆಂಪು ಚುಕ್ಕೆ, ಒಮ್ಮೆ ಹೊತ್ತಿ ಒಮ್ಮೆ ಆರುತ್ತಾ. ಬೆಳಿಗ್ಗೆ ಬೇಲಿಯ ಹತ್ತಿರ ಅಮ್ಮನನ್ನು ಕರೆದು ಮೆಲ್ಲಗೆ ಕೇಳಿದರಂತೆ: "ಮಗನಿಗೆ ಎಂತದಾದ್ರೂ ಚಿಂತೆ ಉಂಟಾ? ಅಲ್ಲ, ಮಧ್ಯರಾತ್ರಿ ಕೂತು ಬೀಡಿ ಎಳೀತಿದ್ದ."

ನನಗೆ 47 ವರ್ಷ. ಸಿಗರೇಟು ಅಂದಿದ್ದರೂ ಒಂದು ಮರ್ಯಾದೆ ಇತ್ತು. ಆದರೆ ದೊಡ್ಡಮ್ಮ ಮೂವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಬೀಡಿಯ ವಿಷಯದಲ್ಲಿ ಅವರ ಮಾತಿಗೆ ನಮ್ಮ ಓಣಿಯಲ್ಲಿ ಅಪೀಲಿಲ್ಲ. ಅಮ್ಮ ಬಾಯಿಬಿಟ್ಟು ಏನೂ ಕೇಳಲಿಲ್ಲ. ಚಾ ಕೊಡುವಾಗ ಅಗತ್ಯಕ್ಕಿಂತ ಹತ್ತಿರ ಬಂದು ಮೂಸಿದರು. ಹೆಂಡತಿ ಅಂಗಿಯ ಕಿಸೆ ತಡಕಿದಳು. ಸಿಕ್ಕಿದ್ದು ಎರಡು ಏಲಕ್ಕಿ. "ಏಲಕ್ಕಿ ಯಾಕೆ?" ಅಂತ ಕೇಳಿದ ಧ್ವನಿ ಇನ್ನೂ ಕಿವಿಯಲ್ಲಿದೆ. ಪಾಯಸಕ್ಕೆ ತರಲು ಹೇಳಿದ್ದವಳು ಅವಳೇ.

ಕೊನೆಗೆ ಇಬ್ಬರನ್ನೂ ಬಚ್ಚಲುಮನೆಗೆ ಕರೆದು, ಬಾಗಿಲು ಮುಚ್ಚಿ, ಲೈಟು ಹಾಕಿ ತೋರಿಸಿದೆ. ನ್ಯಾನೊಮೀಟರು, ತರಂಗ ಎಲ್ಲ ವಿವರಿಸಿದೆ. ಅಮ್ಮ ಆ ಚುಕ್ಕೆಯನ್ನೇ ಸ್ವಲ್ಪ ಹೊತ್ತು ನೋಡಿ ಹೇಳಿದರು: "ಹಾಗಾದ್ರೆ ಇದನ್ನು ಹಾಕಿಟ್ಟು ಬೀಡಿ ಎಳೆದ್ರೆ ಯಾರಿಗೂ ಗೊತ್ತಾಗುದಿಲ್ಲ ಅಲ್ವಾ?"

ಮೊನ್ನೆ ಶನಿವಾರ ಇಲಿ ಕೊನೆಗೂ ಕೂತಿತು. ಅಡ್ಡೆಯಿಂದ ಕತ್ತು ಚಾಚಿ ನನ್ನ ಕಡೆಗೇ ನೋಡುತ್ತಿತ್ತು, ಮೀಸೆ ಎಣಿಸುವಷ್ಟು ಸ್ಪಷ್ಟ. ಉಸಿರು ಹಿಡಿದೆ. ಕ್ರಾಸ್‌ಹೇರ್ ಮೂತಿಯ ಮೇಲೆ. ಒತ್ತಿದೆ.

ಠಣ್!

ಸ್ಕೋಪು ದಪ್ಪ, ಮೌಂಟು ಎತ್ತರ. ನಳಿಗೆಗಿಂತ 6 ಸೆಂಟಿಮೀಟರ್ ಮೇಲೆ ಕೂತಿದೆ. ಗುರಿ ಹೊಂದಿಸಿದ್ದು 25 ಮೀಟರಿಗೆ, ಯಾಕೆಂದರೆ "ದೂರಕ್ಕೇ ಇರ್ಲಿ" ಅಂತ ನಿಮಗೆ ಗೊತ್ತಿರುವವರು ಹೇಳಿದ್ದರು. ಹಾಗಾದಾಗ ಹತ್ತಿರದಲ್ಲಿ ಗುಂಡು ಒಂದೆರಡು ಸೆಂಟಿಮೀಟರ್ ಕೆಳಗೇ ಹೋಗುತ್ತದೆ. ಇಲಿಯ ಗಡ್ಡದ ಕೆಳಗಿಂದ ಹಾದು, ಹಿಂದೆ ಕವುಚಿ ಇಟ್ಟಿದ್ದ ತಾಮ್ರದ ಹಂಡೆಗೆ ಬಡಿಯಿತು. ಅಮ್ಮನ ತವರಿನ ಹಂಡೆ. ಕಡಲೆಕಾಳಿನಷ್ಟು ಗುಳಿ. ಅಮ್ಮ ಆ ಗುಳಿಯನ್ನು ಈಗ ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ.

ಸ್ಕೋಪು ಇದನ್ನೆಲ್ಲ ಶಬ್ದ ಸಮೇತ ರೆಕಾರ್ಡು ಮಾಡಿತ್ತು. ಭಾವನಿಗೆ ಕಳಿಸಿದ್ದು ನನ್ನ ತಪ್ಪು; ಅರ್ಧ ಗಂಟೆಯಲ್ಲಿ ಕುಟುಂಬದ ಗ್ರೂಪಿನಲ್ಲಿತ್ತು. ಠಣ್ ಅಂದ ಮೇಲೆ ಇಲಿ ಹಂಡೆಯನ್ನೊಮ್ಮೆ ನೋಡುತ್ತದೆ, ನನ್ನನ್ನೊಮ್ಮೆ ನೋಡುತ್ತದೆ, ಕಿವಿ ಕೆರೆದುಕೊಳ್ಳುತ್ತದೆ, ಮತ್ತೆ ನಡೆದುಕೊಂಡು ಹೋಗುತ್ತದೆ. ಓಡಲೂ ಇಲ್ಲ. ಮುಂಬಯಿಯ ಚಿಕ್ಕಪ್ಪನ ಮಗ ಕೂಡಲೇ ಬರೆದ: "ಸೂಪರ್ ಕ್ಲಾರಿಟಿ! ಎಷ್ಟು ಎಕ್ಸ್?"

ಅಪ್ಪನ ಹತ್ತಿರ ಇದ್ದದ್ದು ಒಂದು ಬಡಿಗೆ, ಮೂರು ಸೆಲ್ಲಿನ ಟಾರ್ಚು. ಟಾರ್ಚು ಹಿಡಿಯುವ ಕೆಲಸ ನನ್ನದು. ಇಲಿ ಯಾವ ಸಂದಿಯಿಂದ ಬರುತ್ತದೆ ಅಂತ ಅಪ್ಪನಿಗೆ ಗೊತ್ತಿತ್ತು. "ಈಗ" ಅಂದ ಕೂಡಲೇ ನಾನು ಸ್ವಿಚ್ಚು ಒತ್ತಬೇಕು. ಎಷ್ಟೋ ರಾತ್ರಿ ಇಲಿ ಬರುತ್ತಲೇ ಇರಲಿಲ್ಲ. ಅದೇ ಜಗಲಿಯಲ್ಲಿ, ಹಲಸಿನಹಣ್ಣಿನ ವಾಸನೆಯಲ್ಲಿ, ಇಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು. ನಾನು ಅಲ್ಲಿಯೇ ನಿದ್ದೆ ಹೋಗಿ ಬೆಳಿಗ್ಗೆ ಚಾಪೆಯ ಮೇಲೆ ಏಳುತ್ತಿದ್ದೆ. ಈ ಸ್ಕೋಪಿಗೆ ಟಾರ್ಚು ಹಿಡಿಯುವವರು ಬೇಡ. ನನ್ನ ಮಗ ಒಳಗೆ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಯಾರನ್ನೋ ಶೂಟ್ ಮಾಡುತ್ತಿರುತ್ತಾನೆ, ಅವನಿಗೆ ಗುರಿಯೂ ಚೆನ್ನಾಗಿದೆ.

ಇವತ್ತು ಮೂರು ಬೊಂಡ ಹೆಕ್ಕಿಕೊಂಡು ಬರುವಾಗ ಭಾವನ ಫೋನು. "ನಿನ್ನದು ಡಿಜಿಟಲ್ ಅಲ್ವಾ, ಅದೇ ಪ್ರಾಬ್ಲೆಮ್. ಮೈಬಿಸಿಯಲ್ಲೇ ಇಲಿ ಕಾಣುವ ಥರ್ಮಲ್ ತಗೋ." ನಾನು ಅಂದೆ, ಇಲ್ಲ ಭಾವ, ಗುರುವಾರ ಮರ ಹತ್ತುವವ ಬರುತ್ತಾನಂತೆ, ಕೊಟ್ಟಿಗೆಗೆ ತಾಗುವ ಗರಿ ಕಡಿಸಿ, ಮರಕ್ಕೆ ಸುತ್ತಲೂ ತಗಡು ಹೊಡೆಸುತ್ತೇನೆ, ಇಲಿಯ ಕಾಲು ಜಾರುವ ಹಾಗೆ. ಬಾವಿಕಟ್ಟೆಯಿಂದ ಅಮ್ಮ ಕೂಗಿ ಕೇಳಿದರು, ತಗಡು ಎಷ್ಟು ಅಗಲದ್ದು ತರಲಿಕ್ಕೆ ಹೇಳಬೇಕು ಅಂತ. ನಾನು ಬಾಯಿ ತೆರೆಯುವ ಮೊದಲೇ ಫೋನಿನೊಳಗಿಂದ ಉತ್ತರ ಬಂತು:

"ಜಾಸ್ತಿಯೇ ಇರ್ಲಿ ಮಾರಾಯ. ಬೇಡದಿದ್ರೆ ಕತ್ತರಿಸ್ಬಹುದು."

ತಗಡಿನ ವಿಷಯದಲ್ಲಿ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.