ಎಷ್ಟು ಕುಡೀತೀರಾ ಅಂತ ಕೇಳ್ತೀರಿ, ಯಾಕೆ ಅಂತಲೂ ಕೇಳಿ

ಕಳೆದ ತಿಂಗಳು ಚಿಕ್ಕಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಕೇಳಿದ್ದು ಮೂರೇ ಪ್ರಶ್ನೆ. ದಿನಾ ಕುಡೀತೀರಾ? ಎಷ್ಟು? ಎಷ್ಟು ವರ್ಷದಿಂದ? ಚಿಕ್ಕಪ್ಪ ತಲೆ ಬಗ್ಗಿಸಿಕೊಂಡು "ದಿನಾ ಒಂದು ಕ್ವಾಟರ್ ಸಾರ್" ಅಂದ. "ಬಿಟ್ಬಿಡಿ, ಲಿವರ್ ಹೋಗುತ್ತೆ" ಅಂತ ಹೇಳಿ ಮಾತ್ರೆ ಬರೆದುಕೊಟ್ಟರು. ಹೊರಗೆ ಉದ್ದ ಸಾಲಿತ್ತು, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆಟೋದಲ್ಲಿ ವಾಪಸ್ ಬರುವಾಗ ಅನ್ನಿಸಿತು, ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಈ ಮನುಷ್ಯನನ್ನು ಯಾರೂ ಇವತ್ತಿನವರೆಗೆ ಬೈಯದೆ ಯಾಕೆ ಕುಡೀತೀಯ ಅಂತ ಕೇಳಿಲ್ಲ. ನಾನೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ "ಯಾಕೆ ಕುಡಿದು ಬಂದೆ?" ಅಂದರೆ ಜಗಳ ಶುರುವಾಯಿತು ಅಂತಲೇ ಅರ್ಥ.

ನಾನು ಸೈಕಾಲಜಿ ಓದಿದವಳು. ಕುಡಿಯುವ ಕಾರಣ ಅಳೆಯುವುದಕ್ಕೆ ಒಂದು ಪ್ರಶ್ನಾವಳಿ ಇದೆ ಅಂತ ಗೊತ್ತಿತ್ತು. ಅಮೆರಿಕದ ಲಿನ್ ಕೂಪರ್ 1994ರಲ್ಲಿ ಪ್ರಕಟಿಸಿದ್ದು, ಒಟ್ಟು 20 ಸಾಲು. ಪ್ರತಿ ಸಾಲೂ ಒಂದು ಕಾರಣ. ನೀವು ಕುಡಿದ ಎಲ್ಲ ಸಲವನ್ನೂ ನೆನಪು ಮಾಡಿಕೊಂಡು ಈ ಕಾರಣಕ್ಕೆ ಎಷ್ಟು ಸಲ ಕುಡಿದಿರಿ ಅಂತ 1ರಿಂದ 5ರವರೆಗೆ ಅಂಕ ಹಾಕಬೇಕು. ಯಾವತ್ತೂ ಇಲ್ಲದಿದ್ದರೆ 1, ಯಾವಾಗಲೂ ಅದೇ ಕಾರಣ ಆದರೆ 5. ಇಪ್ಪತ್ತೂ ಸೇರಿ ನಾಲ್ಕು ಗುಂಪು. ನಾಲ್ಕು ಜನ ಸೇರಿದಾಗ ಖುಷಿಗೆ, ಮತ್ತಿನ ಮಜಾಕ್ಕೆ, ಚಿಂತೆ ಮರೆಯುವುದಕ್ಕೆ, ಜೊತೆಯವರು ಬಿಟ್ಟುಬಿಡುತ್ತಾರೆ ಅನ್ನುವ ಅಳುಕಿಗೆ. ಒಂದೊಂದಕ್ಕೂ ಐದು ಸಾಲು.

ಇದು ಸುಮ್ನೆ ಲೆಕ್ಕಾಚಾರ ಅಲ್ಲ. ಎಷ್ಟು ಕುಡಿಯುತ್ತಾರೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಚಿಂತೆ ಮರೆಯಲು ಕುಡಿಯುವವರಿಗೆ ಕುಡಿತದಿಂದ ಆಗುವ ತೊಂದರೆ ಜಾಸ್ತಿ ಅಂತ ಕೂಪರ್ ಅಧ್ಯಯನದಲ್ಲಿ ಕಂಡುಬಂತು. ಅಂದರೆ ಒಂದೇ ಕ್ವಾಟರ್ ಕುಡಿಯುವ ಇಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಮದುವೆ ಮನೆಯಲ್ಲಿ ಗೆಳೆಯರ ಜೊತೆ ಕುಡಿಯುವವನಿಗೂ ರಾತ್ರಿ ಒಬ್ಬನೇ ಕೂತು ಕುಡಿಯುವವನಿಗೂ ಒಂದೇ ಮಾತು, ಒಂದೇ ಮಾತ್ರೆ ಸಾಕಾಗುತ್ತಾ? ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನುವ 10 ಪ್ರಶ್ನೆಗಳ ಪಟ್ಟಿ ಎಲ್ಲ ಕಡೆ ಬಳಕೆಯಲ್ಲಿದೆ. ಅಪಾಯ ಎಷ್ಟಿದೆ ಅಂತ ಬೇಗ ಗೊತ್ತುಮಾಡಿಕೊಳ್ಳಲು ಅದು ಬೇಕೇ ಬೇಕು. ಆದರೆ ಅದರಲ್ಲೂ ಯಾಕೆ ಅನ್ನುವ ಪ್ರಶ್ನೆ ಇಲ್ಲ.

ಆ 20 ಸಾಲನ್ನು ನಾನೇ ಮನೆಮಾತಿಗೆ ತಿರುಗಿಸಿ ಒಂದು ಭಾನುವಾರ ಬೆಳಗ್ಗೆ ಜಗುಲಿ ಮೇಲೆ ಚಿಕ್ಕಪ್ಪನ ಪಕ್ಕ ಕೂತೆ. ಖುಷಿಗೆ, ಹಬ್ಬಕ್ಕೆ, ಮಜಾಕ್ಕೆ ಅನ್ನುವುದಕ್ಕೆಲ್ಲ 1, 1, 2. "ಮಜಾ ಎಲ್ಲಿಂದ ಬರ್ತದೆ ಕಣವ್ವಾ, ನಿಂತ್ಕೊಂಡೇ ಕುಡ್ದು ಬರೋದು" ಅಂದ. ಚಿಂತೆ ಮರೆಯಲು ಅನ್ನುವುದಕ್ಕೆ 3. ಜೊತೆಯವರ ಸಾಲುಗಳಿಗೆ ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದು ನನಗೆ ಹೊಸದು. ಶನಿವಾರ ಮೇಸ್ತ್ರಿ ಬಟವಾಡೆ ಕೊಡುವುದೇ ಬಾರ್ ಮುಂದೆ. ಚಿಲ್ಲರೆ ಅಲ್ಲೇ ಮಾಡಿಸಬೇಕು, ಎಲ್ಲರೂ ಒಳಗೆ ಹೋಗುತ್ತಾರೆ, ಹೋಗದೇ ಇರುವವನನ್ನು ಸೋಮವಾರದ ಕೆಲಸಕ್ಕೆ ಕರೆಯುವುದು ಅನುಮಾನ. ಇದನ್ನು ಸಹವಾಸ ದೋಷ ಅಂತ ಬರೆದು ಕೈತೊಳೆದುಕೊಳ್ಳೋಕಾಗುತ್ತಾ? ಇದು ಅವನ ಹೊಟ್ಟೆಪಾಡಿನ ವಿಷಯ.

ಇಪ್ಪತ್ತೂ ಮುಗಿದ ಮೇಲೆ "ಇನ್ನೇನಾದ್ರೂ ಇದೆಯಾ ಚಿಕ್ಕಪ್ಪ?" ಅಂದೆ. "ಮುಖ್ಯವಾದ್ದೇ ನೀನು ಕೇಳ್ಲಿಲ್ಲ" ಅಂದ. ಮೈಕೈ ನೋವು. ದಿನವಿಡೀ ಕಾಂಕ್ರೀಟ್ ಬಾಂಡ್ಲಿ ಹೊತ್ತ ಸೊಂಟ, ರಾತ್ರಿ ಕಾಲು ಸೆಳೆತ, ನಿದ್ದೆ ಇಲ್ಲ. ಕುಡಿದರೆ ಬೆಳಗಿನ ಜಾವದವರೆಗೆ ಕಣ್ಣು ಮುಚ್ಚುತ್ತದೆ. ಆ ಪ್ರಶ್ನಾವಳಿಯಲ್ಲಿ ನೋವು ಇಲ್ಲ, ಯಾಕಂದರೆ 1994ರಲ್ಲಿ ಅದನ್ನು ಪರೀಕ್ಷಿಸಿದ್ದು ಅಮೆರಿಕದ ಹದಿಹರೆಯದವರ ಮೇಲೆ. ಅದು ಅವರ ತಪ್ಪಲ್ಲ. ನಮ್ಮ ಗಾರೆ ಕೆಲಸದವರು, ಹಮಾಲರು, ಪೌರಕಾರ್ಮಿಕರು ಯಾಕೆ ಕುಡಿಯುತ್ತಾರೆ ಅಂತ ಅವರ ಮಾತಲ್ಲೇ ಕೇಳಿ ಆ ಸಾಲುಗಳನ್ನು ಸೇರಿಸಬೇಕಾದವರು ನಾವು. ಬೆಳಗ್ಗೆ ಕೈ ನಡುಗುತ್ತದೆ ಅಂತ ಕುಡಿಯುವುದೂ ಅದರಲ್ಲಿಲ್ಲ. ಶುರುವಾದಾಗ ಇದ್ದ ಕಾರಣ ಒಂದು, ಈಗ ಮುಂದುವರಿಸುತ್ತಿರುವ ಕಾರಣ ಇನ್ನೊಂದು ಆಗಿರಬಹುದು. ಇಂಥವರಿಗೆ ಮನೆಯವರು ಹಟ ಹಿಡಿದು ಒಂದೇ ದಿನಕ್ಕೆ ನಿಲ್ಲಿಸಬೇಡಿ, ದಯವಿಟ್ಟು. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ್ ನೋಡಿಕೊಂಡೇ ಬಿಡಿಸಬೇಕು.

"ಕುಡುಕರಿಗೆ ಕಾರಣ ಬೇಕಾ, ಎಲ್ಲಾ ನೆಪ" ಅಂತ ಚಿಕ್ಕಮ್ಮ ಒಳಗಿನಿಂದಲೇ ಹೇಳಿದರು. ಇಷ್ಟು ವರ್ಷ ಅನುಭವಿಸಿದವರು ಅವರು, ಅವರ ಸಿಟ್ಟು ನ್ಯಾಯವೇ. ನೆಪವೂ ಇರುತ್ತದೆ, ಒಪ್ಪುತ್ತೇನೆ. ಅದಕ್ಕೇ ಒಂದೇ ಸಲ ಕೇಳಿ ಬಿಡಬಾರದು. ಕುಡಿಯದೇ ಇರುವ ಹೊತ್ತಲ್ಲಿ, ಬೇರೆ ಬೇರೆ ರೀತಿಯಲ್ಲಿ, ಎಷ್ಟು ಸಲ ಅಂತ ಅಂಕ ಹಾಕಿಸಿ ಕೇಳಬೇಕು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಚಿಕ್ಕಪ್ಪ ಪ್ಯಾಕೆಟ್ ಬಿಟ್ಟು ಅಗ್ಗದ ವಿಸ್ಕಿಗೆ ಬಂದ, ಆಮೇಲೆ 90 ಎಂ.ಎಲ್. ಟೆಟ್ರಾ ಪ್ಯಾಕ್. ಸೊಂಟ ನೋವು, ಬಟವಾಡೆ, ನಿದ್ದೆಯಿಲ್ಲದ ರಾತ್ರಿ ಎಲ್ಲ ಹಾಗೇ ಇದ್ದವು. ಅಬಕಾರಿ ಲೆಕ್ಕದಲ್ಲಿ ಎಷ್ಟು ಪೆಟ್ಟಿಗೆ ಖರ್ಚಾಯಿತು ಅಂತ ಸಿಗುತ್ತದೆ. ಅದರ ಹಿಂದಿನ ಈ ನೋವಿನ ಲೆಕ್ಕ ಎಲ್ಲಿ ಸಿಗುತ್ತದೆ?

ನಿಮ್ಮಲ್ಲಿ ಡಾಕ್ಟರ್, ನರ್ಸ್, ಆಶಾ ಕಾರ್ಯಕರ್ತೆಯರು ಇದ್ದರೆ ಒಂದು ಪ್ರಶ್ನೆ ಜಾಸ್ತಿ ಕೇಳಿ. ಮನೆಯಲ್ಲಿ ಮಾತಾಡೋಕೆ ಆಗದವರಿಗೆ 14416 ಇದೆ, ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಹಾಳೆಯ ಕೊನೆಯಲ್ಲಿ ಇನ್ನೆರಡು ಸಾಲನ್ನು ಪೆನ್ನಿನಲ್ಲಿ ಸೇರಿಸಿದ್ದೇನೆ. ನೋವಿಗೆ: 5. ನಿದ್ದೆಗೆ: 5. ಗುರುವಾರ ಮತ್ತೆ ಆಸ್ಪತ್ರೆಗೆ ಹೋಗುತ್ತಿದ್ದೇವೆ, ಈ ಸಲ ಆ ಹಾಳೆ ಚಿಕ್ಕಪ್ಪನ ಜೇಬಿನಲ್ಲೇ ಇರುತ್ತದೆ.