ಒಂದು ಭಾನುವಾರದ ರಜೆಗೆ ಹತ್ತು ವರ್ಷ

"ಬೇಗ." "ಪಾತ್ರೆ." "ಇನ್ನೊಂದ್ಸಲ." "ಪಾಪು ಅಳ್ತಿದೆ."

ಮ್ಯಾನ್ಮಾರ್‌ನ ಒಂದು ಹಳ್ಳಿಯಿಂದ ಸಿಂಗಪುರಕ್ಕೆ ಮನೆಗೆಲಸಕ್ಕೆ ಬಂದ ಹುಡುಗಿಗೆ ಗೊತ್ತಿದ್ದ ಕನ್ನಡ ಇಷ್ಟು. ನಾನು ಬೆಂಗಳೂರಿನವಳು ಅಂತ ಗೊತ್ತಾದ ಕೂಡಲೇ ಒಂದೊಂದೇ ಪದ ನೆನಪು ಮಾಡಿಕೊಂಡು ಖುಷಿಯಿಂದ ಹೇಳಿದಳು. ನಾನೂ ಮೊದಲು ನಕ್ಕೆ. ಆಮೇಲೆ ಮನೆಗೆ ಬರುವ ದಾರಿಯುದ್ದಕ್ಕೂ ಆ ನಾಲ್ಕು ಪದಗಳೇ ತಲೆಯಲ್ಲಿ ಸುತ್ತುತ್ತಿದ್ದವು.

ಅದು 2023ರ ಫೆಬ್ರವರಿಯ ಒಂದು ಭಾನುವಾರ. ಮನೆಗೆಲಸದವರಿಗೆ ಇಂಗ್ಲಿಷ್ ಹೇಳಿಕೊಡುವ ಒಂದು ಸಣ್ಣ ಗುಂಪಿನ ಜೊತೆ ನಾನು ತಿಂಗಳಿಗೆ ಎರಡು ಭಾನುವಾರ ಇರುತ್ತೇನೆ. ಪಾಠ ಅರ್ಧ, ಮಾತು ಅರ್ಧ. ಆಕೆ ಇಲ್ಲಿಗೆ ಬಂದು ಆಗಲೇ ಹದಿನಾರು ತಿಂಗಳಾಗಿತ್ತು. ಮಗುವನ್ನು ಸ್ಕೂಲ್ ಬಸ್ಸಿಗೆ ಬಿಡುವುದಕ್ಕೆ, ಮಾಮ್ (ಮನೆಯೊಡತಿ) ಜೊತೆ ಅಂಗಡಿಗೆ ಹೋಗುವುದಕ್ಕೆ ಬಿಟ್ಟರೆ ಆಚೆಗೆ ಕಾಲಿಟ್ಟಿದ್ದೇ ಇಲ್ಲ. ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ಒತ್ತಬೇಕು ಅಂತ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಫಿಲಿಪೀನ್ಸ್‌ನ ಅಕ್ಕ ಒಬ್ಬರು ಹೇಳಿಕೊಟ್ಟರಂತೆ.

ಆಕೆಗೆ ಯಾರೂ ಹೊಡೆದಿರಲಿಲ್ಲ, ಉಪವಾಸ ಕೆಡವಿರಲಿಲ್ಲ. ಸಂಬಳವೂ ಸರಿಯಾಗಿ ಬರುತ್ತಿತ್ತು. ಒಂದೊಂದು ಭಾನುವಾರ ಕೆಲಸ ಮಾಡಿದ್ದಕ್ಕೆ 23 ಸಿಂಗಪುರ ಡಾಲರ್ ಜಾಸ್ತಿ ಕೊಡುತ್ತಿದ್ದರು. ತಿಂಗಳ ಸಂಬಳ 600 ಡಾಲರ್, ಅದನ್ನು 26ರಿಂದ ಭಾಗಿಸಿದರೆ ಬರುವ ಮೊತ್ತ. ಲೆಕ್ಕ ಸರಿ ಇತ್ತು. 2022ರ ಕೊನೆಯವರೆಗೆ ಕಾನೂನಿನಲ್ಲೂ ಅದಕ್ಕೆ ಅಡ್ಡಿ ಇರಲಿಲ್ಲ. 2023ರ ಜನವರಿ 1ರಿಂದ ತಿಂಗಳಿಗೆ ಕನಿಷ್ಠ ಒಂದು ರಜೆಯನ್ನಾದರೂ ದುಡ್ಡು ಕೊಟ್ಟು ತಪ್ಪಿಸುವಂತಿಲ್ಲ ಅಂತ ನಿಯಮ ಬಂತು. ಅದು ಬಂದಿದ್ದಕ್ಕೇ ಆಕೆ ಅವತ್ತು ನನ್ನ ಮುಂದೆ ಕೂತಿದ್ದಳು.

ಇದನ್ನೆಲ್ಲ ಈಗ ಬರೆಯೋಕೆ ಕಾರಣ, ಹೋದ ವಾರ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು. "ಹೆಲ್ಪರ್‌ಗೆ ಪ್ರತಿ ವಾರ ರಜೆ ಕೊಡಬೇಕಾ? ದುಡ್ಡು ಕೊಟ್ಟರೆ ಸಾಕಲ್ವಾ? ಅವರಿಗೂ ದುಡ್ಡೇ ಬೇಕು" ಅಂತ ಒಬ್ಬರು ಕೇಳಿದರು. ಹತ್ತು ಜನ ಹೌದು ಅಂದರು. ಇನ್ನೊಬ್ಬರು, ಹೊರಗೆ ಬಿಟ್ಟರೆ ಕೆಟ್ಟ ಸಹವಾಸ ಆಗುತ್ತೆ, ನಿಯಮ ಮುರಿದರೆ ಕಟ್ಟುತ್ತೇವೆ ಅಂತ ಸರ್ಕಾರಕ್ಕೆ ಬರೆದುಕೊಟ್ಟ 5,000 ಡಾಲರ್ ಬಾಂಡ್ ಹೋಗುತ್ತೆ ಅಂದರು.

ಬಾಂಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಕೆಲಸದಾಕೆ ತಾನಾಗಿ ನಿಯಮ ಮುರಿದರೆ, ಉದಾಹರಣೆಗೆ ಬಸುರಿಯಾದರೆ, ನಿಮ್ಮ ಬಾಂಡ್ ಹೋಗುವುದಿಲ್ಲ. ನಿಯಮ ಏನು ಅಂತ ಆಕೆಗೆ ಮೊದಲೇ ತಿಳಿಸಿರಬೇಕು, ಗೊತ್ತಾದ ಕೂಡಲೇ ಇಲ್ಲಿನ ಮಾನವಶಕ್ತಿ ಇಲಾಖೆಗೆ ಹೇಳಬೇಕು, ಅಷ್ಟೇ. ಈ ಭಯಕ್ಕೆ ಒಬ್ಬ ಮನುಷ್ಯಳನ್ನು ವರ್ಷಗಟ್ಟಲೆ ಮನೆಯೊಳಗೆ ಇಟ್ಟುಕೊಳ್ಳುವುದು ಸರಿಯಲ್ಲ.

ಇನ್ನು ರಜೆ. ಈ ಭಾನುವಾರದ ರಜೆ ಯಾರೋ ಸರ್ಕಾರಿ ಅಧಿಕಾರಿಗೆ ಒಂದು ಬೆಳಗ್ಗೆ ಹೊಳೆದದ್ದಲ್ಲ. 2001ರ ಡಿಸೆಂಬರ್‌ನಲ್ಲಿ ಮುವಾವನತುಲ್ ಚಸಾನಾ ಅನ್ನುವ 19 ವರ್ಷದ ಇಂಡೋನೇಷ್ಯಾದ ಹುಡುಗಿ ಯಜಮಾನನ ಹೊಡೆತಕ್ಕೆ ಸತ್ತಳು. ಸಾಯುವಾಗ ಆಕೆಯ ತೂಕ 36 ಕೆ.ಜಿ. ಅಕ್ಕಪಕ್ಕದಲ್ಲಿ ಅಷ್ಟೊಂದು ಮನೆಗಳಿದ್ದೂ ಯಾರಿಗೂ ಗೊತ್ತಾಗಲಿಲ್ಲವಲ್ಲ ಅಂತ ಸಂಕಟಪಟ್ಟ ಕೆಲವರು 2003ರಲ್ಲಿ ಸೇರಿಕೊಂಡರು. ಅದೇ ಇವತ್ತು ವಲಸೆ ಕೆಲಸಗಾರರ ಪರ ನಿಲ್ಲುವ ಟಿಡಬ್ಲ್ಯೂಸಿ2 ಸಂಸ್ಥೆ. ಮರುವರ್ಷ ಬ್ರಿಜೆಟ್ ಟಾನ್ ಅವರು 'ಹೋಮ್' ಅನ್ನುವ ಇಂಥದೇ ಇನ್ನೊಂದು ಸಂಸ್ಥೆ ಶುರು ಮಾಡಿದರು. ವಾರಕ್ಕೊಂದು ರಜೆ ಅನ್ನುವುದು ಮೊದಲಿನಿಂದಲೂ ಇವರ ಬೇಡಿಕೆ. 2008ರಲ್ಲಿ ಎರಡೂ ಸಂಸ್ಥೆಗಳು ಇತರರ ಜೊತೆ ಸೇರಿ 'ಡೇ ಆಫ್' ಅಂತ ದೊಡ್ಡ ಪ್ರಚಾರವನ್ನೇ ಮಾಡಿದವು. ಕಾನೂನು ಜಾರಿಗೆ ಬಂದಿದ್ದು 2013ರ ಜನವರಿಯಲ್ಲಿ. 2003ರಿಂದ ಹತ್ತು ವರ್ಷ! ಅದರಲ್ಲೂ, ಇಬ್ಬರೂ ಒಪ್ಪಿದರೆ ರಜೆಯ ಬದಲು ದುಡ್ಡು ಕೊಡಬಹುದು ಅಂತ ಒಂದು ಸಾಲು ಸೇರಿಕೊಂಡಿತ್ತು. ಸಾಲ ತೀರಿಸುವ ಹೊತ್ತಿನಲ್ಲಿರುವ ಹುಡುಗಿ, ಎದುರಿಗೆ ಯಜಮಾನರು ಕೂತು ಕೇಳಿದರೆ, ಒಪ್ಪದೆ ಇನ್ನೇನು ಮಾಡುತ್ತಾಳೆ ಹೇಳಿ? ಮೊದಲ ಐದಾರು ತಿಂಗಳ ಸಂಬಳ ಎಷ್ಟೋ ಜನರಿಗೆ ಏಜೆನ್ಸಿ ಸಾಲಕ್ಕೇ ಹೋಗುತ್ತದೆ.

ರಜೆ ಅಂದರೆ ಸುಮ್ನೆ ವಿಶ್ರಾಂತಿ ಅಂದುಕೊಂಡಿದ್ದೆ ನಾನೂ. ಪಿಯಾಂಗ್ ನ್ಗೈ ಡಾನ್ ಕಥೆ ಓದಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಆಕೆಯೂ ಮ್ಯಾನ್ಮಾರ್‌ನವಳು, 24 ವರ್ಷ, ಊರಲ್ಲಿ ಮೂರು ವರ್ಷದ ಮಗ. ಫೋನ್ ಇಲ್ಲ, ರಜೆ ಇಲ್ಲ ಅನ್ನುವ ಷರತ್ತಿಗೆ ಒಪ್ಪಿ ಕೆಲಸಕ್ಕೆ ಸೇರಿದ್ದಳು. ಬಂದಾಗ 39 ಕೆ.ಜಿ. ಇದ್ದಳು. 2016ರ ಜುಲೈನಲ್ಲಿ ಸತ್ತಾಗ 24 ಕೆ.ಜಿ. ಭಾರತೀಯ ಮೂಲದವರ ಮನೆ ಅದು. ಅವಳನ್ನು ಹಿಂಸಿಸಿ ಕೊಂದ ಮನೆಯೊಡತಿಗೆ 2021ರಲ್ಲಿ 30 ವರ್ಷ ಜೈಲಾಯಿತು. ಅದೇ ಊರಿನಲ್ಲಿ ಆಶ್ರಯ ಕೊಡುವ ಮನೆ ಇತ್ತು, ಸಹಾಯವಾಣಿ ಇತ್ತು, ಅವಳ ಭಾಷೆ ಆಡುವ ಜನ ಪ್ರತಿ ಭಾನುವಾರ ಪೆನಿನ್ಸುಲಾ ಪ್ಲಾಜಾ ಅನ್ನುವ ಮಾಲ್‌ನಲ್ಲಿ ಸೇರುತ್ತಿದ್ದರು. ಅವಳಿಗೆ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ. ನಮ್ಮಂಥ ಸ್ವಯಂಸೇವಕರು ಎಷ್ಟೇ ಜನ ಇದ್ದರೂ ಬಾಗಿಲು ದಾಟಿ ಬಂದವರಿಗಷ್ಟೇ ಸಿಗುತ್ತೇವೆ. ಆ ಬಾಗಿಲು ತೆರೆಯುವ ದಿನ ಭಾನುವಾರ. ಅದಕ್ಕೆ 23 ಡಾಲರ್ ಬೆಲೆ ಕಟ್ಟೋಕೆ ಹೇಗೆ ಆಗುತ್ತೆ?

ಬಾಗಿಲು ದಾಟಿ ಬಂದವರಿಗೆ ಏನು ಸಿಗಬಹುದು ಅನ್ನುವುದಕ್ಕೆ ಪಾರ್ತಿ ಲಿಯಾನಿ ಇದ್ದಾರೆ. ಇಂಡೋನೇಷ್ಯಾದವರು. ಚಾಂಗಿ ಏರ್‌ಪೋರ್ಟ್ ಗ್ರೂಪ್‌ನ ಅಧ್ಯಕ್ಷರಾಗಿದ್ದ ಲಿಯು ಮುನ್ ಲಿಯಾಂಗ್ ಅವರ ಮನೆಯಲ್ಲಿ 2007ರಿಂದ ಕೆಲಸಕ್ಕಿದ್ದರು. ಮಗನ ಮನೆ, ಆಫೀಸು ಕೂಡ ತೊಳೆಯಬೇಕಾಯಿತು. 2016ರಲ್ಲಿ ಇದ್ದಕ್ಕಿದ್ದಂತೆ ಕೆಲಸದಿಂದ ತೆಗೆದು, ಎರಡು ಮೂರು ಗಂಟೆಯಲ್ಲಿ ಸಾಮಾನು ಕಟ್ಟಿಕೋ ಅಂದರು. ಈ ಹೆಚ್ಚಿನ ಕೆಲಸದ ಬಗ್ಗೆ ದೂರು ಕೊಡುತ್ತೇನೆ ಅಂತ ಪಾರ್ತಿ ಅಂದರು. ಇವರ ಮೇಲೇ ಕಳ್ಳತನದ ಕೇಸು ಬಿತ್ತು.

ಮುಂದಿನ ಸುಮಾರು ನಾಲ್ಕು ವರ್ಷ 'ಹೋಮ್' ಅವರಿಗೆ ಇರೋಕೆ ಜಾಗ ಕೊಟ್ಟಿತು, 15,000 ಡಾಲರ್ ಜಾಮೀನು ಕಟ್ಟಿತು. ಕೇಸು ಮುಗಿಯುವ ತನಕ ದುಡಿಯುವಂತಿಲ್ಲ, ಊರಿಗೂ ಹೋಗುವಂತಿಲ್ಲ. ಅನಿಲ್ ಬಾಲಚಂದಾನಿ ಅನ್ನುವ ವಕೀಲರು ಒಂದು ಕಾಸೂ ತಗೊಳ್ಳದೆ ವಾದಿಸಿದರು. ಹಳೇ ಬಟ್ಟೆ, ಬೆಡ್‌ಶೀಟು, ಗುಲಾಬಿ ಬಣ್ಣದ ಒಂದು ಚಾಕು, ಹೀಗೆ ಕದ್ದರು ಅಂತ ಹೇಳಿದ ಸಾಮಾನು ನೂರಕ್ಕೂ ಜಾಸ್ತಿ. ಒಂದೊಂದನ್ನೂ ಹಿಡಿದು ಇದು ಯಾರದು, ಯಾವಾಗ ಕೊಂಡದ್ದು ಅಂತ ಕೂತು ನೋಡಬೇಕು. ಒಂದು ಡಿವಿಡಿ ಪ್ಲೇಯರ್ ಇತ್ತು. ಕೆಟ್ಟಿತ್ತು, ಬಿಸಾಕಿದ್ದರು, ಅದಕ್ಕೇ ತಗೊಂಡೆ ಅಂದರು ಪಾರ್ತಿ. ಕೆಳಗಿನ ಕೋರ್ಟಿನಲ್ಲಿ ಅದು ಓಡುತ್ತದೆ ಅಂತ ತೋರಿಸಿದ್ದರು. ಹೈಕೋರ್ಟಿನಲ್ಲಿ ವಕೀಲರು ಅದನ್ನು ಮತ್ತೆ ಕೇಳಿ, ಡಿವಿಡಿ ಹಾಕಿದರೆ ಓಡುವುದೇ ಇಲ್ಲ ಅಂತ ತೋರಿಸಿದರು. 2019ರಲ್ಲಿ 26 ತಿಂಗಳ ಶಿಕ್ಷೆ ಆಗಿದ್ದವರು 2020ರ ಸೆಪ್ಟೆಂಬರ್ 4ರಂದು ನಿರ್ದೋಷಿಯಾಗಿ ಹೊರಬಂದರು. ಒಂದು ವಾರದೊಳಗೆ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಪೊಲೀಸರಿಗೆ ಸುಳ್ಳು ಹೇಳಿದ್ದಕ್ಕೆ 2023ರಲ್ಲಿ ಮಗನಿಗೆ ಎರಡು ವಾರ ಜೈಲಾಯಿತು. ಆ ಡಿವಿಡಿ ಪ್ಲೇಯರ್ ವಿಷಯ ನೆನೆದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಒಬ್ಬ ಮನೆಗೆಲಸದಾಕೆಯ ಮಾತನ್ನು ನಂಬಿ, ಒಂದು ಕೆಟ್ಟ ಯಂತ್ರದ ಹಿಂದೆ ಅಷ್ಟು ದೂರ ಹೋದರಲ್ಲ ಆ ಮನುಷ್ಯ.

ಊರಿನ ಮಾತೂ ಒಂದು ಹೇಳಲೇಬೇಕು. ಮನೆಗೆಲಸದವರಿಗೆ ಕನಿಷ್ಠ ಕೂಲಿ ನಿಗದಿ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ, 2004ರಲ್ಲೇ. ಆದರೂ ರಾಯಚೂರಿನಿಂದಲೋ ಒಡಿಶಾದಿಂದಲೋ ಬೆಂಗಳೂರಿಗೆ ಬಂದು ಕೆಲಸ ಮಾಡುವ ಎಷ್ಟು ಜನರಿಗೆ ವಾರದ ರಜೆ ಇದೆ? ನಮ್ಮ ಅಮ್ಮನ ಮನೆಯಲ್ಲೂ ಇರಲಿಲ್ಲ. ಹೋದ ವರ್ಷದಿಂದ ಕೊಡುತ್ತಿದ್ದಾರೆ.

ಆ ಹುಡುಗಿಗೆ ನಾವು ಮೊದಲ ದಿನ ಒಂದು ನೋಟ್‌ಬುಕ್ ಕೊಟ್ಟಿದ್ದೆವು. ಬರುವವರಿಗೆಲ್ಲ ಕೊಡುತ್ತೇವೆ. ತಾರೀಖು, ಕೈಗೆ ಬಂದ ಸಂಬಳ, ರಜೆ ಇತ್ತೋ ಇಲ್ಲವೋ, ಅಷ್ಟು ಬರೆಯಿರಿ ಅನ್ನುತ್ತೇವೆ. ಆಕೆ ತನ್ನ ಭಾಷೆಯಲ್ಲೇ ಬರೆಯುತ್ತಾಳೆ. ಬರ್ಮೀಸ್ ಅಕ್ಷರ ನಮ್ಮ ಕನ್ನಡದ ಹಾಗೇ ಗುಂಡಗುಂಡಗೆ. ದೂರದಿಂದ ನೋಡಿದರೆ ಯಾರೋ ಕನ್ನಡದಲ್ಲಿ ಲೆಕ್ಕ ಬರೆದಿಟ್ಟ ಹಾಗೇ ಕಾಣುತ್ತದೆ.

ಮೊನ್ನೆ ಭಾನುವಾರ ಬಂದಾಗ ಆ ಪುಸ್ತಕದಿಂದ ಒಂದು ಹಾಳೆ ಹರಿದು ನನ್ನ ಮುಂದೆ ಇಟ್ಟಳು. "ಸಿಸ್ಟರ್, ನಿಮ್ಮ ನಂಬರ್ ಇದರಲ್ಲಿ ಬರೆದುಕೊಡಿ." ನನ್ನ ನಂಬರ್ ಆಕೆಯ ಹತ್ತಿರ ಇದೆಯಲ್ಲ ಅಂದೆ. ನನಗಲ್ಲ ಅಂದಳು. ಅವರ ಕಟ್ಟಡದಲ್ಲೇ ಹತ್ತನೇ ಮಹಡಿಯಲ್ಲಿ ಹೊಸದಾಗಿ ಒಬ್ಬಳು ಬಂದಿದ್ದಾಳಂತೆ. ಫೋನ್ ಇಲ್ಲವಂತೆ. ಬೆಳಗ್ಗೆ ಸ್ಕೂಲ್ ಬಸ್ ಹತ್ತಿರ ಎರಡು ನಿಮಿಷ ಸಿಗುತ್ತಾಳಂತೆ. ನಾನು ನಂಬರ್ ಬರೆದೆ. ಅದರ ಕೆಳಗೆ ಆಕೆ ತನ್ನ ಅಕ್ಷರದಲ್ಲಿ ಎರಡು ಸಾಲು ಬರೆದು, ಹಾಳೆಯನ್ನು ಸಣ್ಣಗೆ ಮಡಿಸಿ ಬಸ್ ಕಾರ್ಡಿನ ಹಿಂದೆ ಸೇರಿಸಿಟ್ಟುಕೊಂಡಳು.